ಪಾಲಿಮರ್ ಲೇಪಿತ ಸೆರಾಮಿಕ್ ಆಸರೆಗಳು

ಮೂಳೆಯಲ್ಲಿ ತಾನಾಗಿ ಕೂಡಿಕೊಳ್ಳಲಾರದಷ್ಟು ದೊಡ್ಡ ತೆರಪು ಉಂಟಾದಾಗ ಆ ಜಾಗದಲ್ಲಿ ಕೂರಿಸುವ, ಮೈಯೆಲ್ಲ ರಂಧ್ರಗಳಿರುವ ಸೆರಾಮಿಕ್ ತುಂಡುಗಳಿವು. ರಂಧ್ರಗಳ ಒಳಗೋಡೆಗಳಿಗೂ ಸೇರಿದಂತೆ ಇಡೀ ಮೈಗೆ ತೆಳ್ಳನೆಯ ಪಾಲಿಮರ್ ಪದರವನ್ನು ಹಚ್ಚಿರುತ್ತಾರೆ. ಸೆರಾಮಿಕ್ ಮೂಳೆಯ ಖನಿಜವನ್ನು ಹೋಲುವುದರಿಂದ ಅದನ್ನು ಹಿಡಿದುಕೊಂಡು ಹೊಸ ಮೂಳೆ ಬೆಳೆಯುತ್ತದೆ. ಲೇಪವು ಆ ಪೆಡಸು ವಸ್ತುವಿಗೆ ಒಂದಿಷ್ಟು ತಾಳಿಕೆ ಕೊಡುತ್ತದೆ. ಔಷಧವನ್ನು ಹಿಡಿದಿಟ್ಟುಕೊಂಡು ಬೇಕಾದ ಜಾಗದಲ್ಲೇ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಗೋಡೆ ಎದ್ದ ಮೇಲೆ ಸಾರ್ವೆ ಬಿಚ್ಚುವಂತೆ, ಹೊಸ ಮೂಳೆ ಬೆಳೆದಷ್ಟೂ ಈ ಆಸರೆ ಕರಗಿಹೋಗಬೇಕೆಂಬುದು ಆದರ್ಶ. ಪ್ರಯೋಗಾಲಯಗಳಲ್ಲಿ ಇದಕ್ಕೆ ಸ್ಕ್ಯಾಫೋಲ್ಡ್ ಎಂದೇ ಹೆಸರು. ಇಪ್ಪತ್ತು ವರ್ಷಗಳಲ್ಲಿ ಈ ವಿಷಯದ ಮೇಲೆ ಸಂಶೋಧನ ಪ್ರಬಂಧಗಳು ರಾಶಿ ಬಿದ್ದಿವೆ. ಶಸ್ತ್ರಚಿಕಿತ್ಸೆಯ ಕೊಠಡಿಯವರೆಗೆ ಬಂದ ಲೇಪಿತ ವಸ್ತುಗಳನ್ನು ಮಾತ್ರ ಬೆರಳಲ್ಲಿ ಎಣಿಸಬಹುದು. ಈ ಅಂತರಕ್ಕೆ ಕಾರಣಗಳು ಬಹುಮಟ್ಟಿಗೆ ಲೇಪದಲ್ಲೇ ಅಡಗಿವೆ.

ಮೂಳೆ ಮತ್ತು ಅದರ ತೆರಪು

ಮೂಳೆಯ ತೂಕದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಖನಿಜ. ಅದು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಅಪಟೈಟ್. ಅಲ್ಲಲ್ಲಿ ಕಾರ್ಬೊನೇಟ್ ಬೆರೆತಿರುತ್ತದೆ, ಹರಳುಗಳು ನ್ಯಾನೊಮೀಟರುಗಳಲ್ಲಿ ಅಳೆಯುವಷ್ಟು ಸಣ್ಣವು. ಉಳಿದದ್ದರಲ್ಲಿ ನೀರನ್ನು ಬಿಟ್ಟರೆ ಹೆಚ್ಚಿನ ಪಾಲು ಕೊಲಾಜೆನ್ ಎಂಬ ಪ್ರೋಟೀನು. ಖನಿಜ ಗಡಸುತನ ಕೊಡುತ್ತದೆ, ಕೊಲಾಜೆನ್ ಎಳೆಗಳು ಬಿರುಕು ಹರಡದಂತೆ ಹಿಡಿಯುತ್ತವೆ. ಆಮ್ಲದಲ್ಲಿ ನೆನೆಸಿ ಖನಿಜವನ್ನು ತೆಗೆದ ಮೂಳೆಯನ್ನು ಬಗ್ಗಿಸಬಹುದು. ಸುಟ್ಟು ಕೊಲಾಜೆನ್ ಕಳೆದುಕೊಂಡ ಮೂಳೆ ಬೆರಳ ಒತ್ತಡಕ್ಕೇ ಪುಡಿಯಾಗುತ್ತದೆ. ಸೆರಾಮಿಕ್‌ಗೆ ಪಾಲಿಮರ್ ಹಚ್ಚುವ ಯೋಚನೆಯ ಬೇರು ಇಲ್ಲಿದೆ.

ಸಾಮಾನ್ಯ ಮುರಿತವನ್ನು ದೇಹವೇ ಕೂಡಿಸುತ್ತದೆ. ಗಡ್ಡೆ ತೆಗೆದ ಜಾಗ, ಅಪಘಾತದಲ್ಲಿ ಚೂರಾದ ಕಾಲಿನ ಮೂಳೆ, ಸೋಂಕು ತಗಲಿ ಕೊರೆದು ತೆಗೆಯಬೇಕಾದ ಭಾಗ ಇಂಥ ಕಡೆಗಳಲ್ಲಿ ಅದರ ಕೈ ಸಾಲದು. ಆಗ ವೈದ್ಯರು ಮೊದಲು ಆಯ್ದುಕೊಳ್ಳುವುದು ರೋಗಿಯ ಸ್ವಂತ ಮೂಳೆಯನ್ನು. ಹೆಚ್ಚಾಗಿ ಸೊಂಟದ ಮೂಳೆಯ ಅಂಚಿನಿಂದ ತೆಗೆದು ತುಂಬುತ್ತಾರೆ. ಅದರಲ್ಲಿ ಜೀವಕೋಶಗಳಿವೆ, ಬೆಳವಣಿಗೆಯ ಪ್ರೋಟೀನುಗಳಿವೆ, ದೇಹ ಅದನ್ನು ತಿರಸ್ಕರಿಸುವುದಿಲ್ಲ. ಆದರೆ ಸಿಗುವ ಪ್ರಮಾಣ ಸ್ವಲ್ಪ, ತೆಗೆದ ಜಾಗದ ನೋವು ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ದಾನವಾಗಿ ಬಂದ ಮೂಳೆಗೆ ಸೋಂಕಿನ ಭಯವಿರುವುದರಿಂದ ಅದನ್ನು ಸಂಸ್ಕರಿಸಲೇಬೇಕು. ಸಂಸ್ಕರಿಸಿದರೆ ಅದರ ಜೈವಿಕ ಸತ್ವ ತಗ್ಗುತ್ತದೆ.

ಹೊರಗಿನ ವಸ್ತುವಿನಿಂದ ಮೂಳೆ ತುಂಬುವ ಪ್ರಯತ್ನ ಹಳೆಯದು. ರಷ್ಯದ ಸೈನಿಕನೊಬ್ಬನ ತಲೆಬುರುಡೆಗೆ ನಾಯಿಯ ಮೂಳೆಯ ತುಂಡನ್ನು ಕೂರಿಸಿದ ಸಂಗತಿಯನ್ನು ಡಚ್ ವೈದ್ಯ ಯೋಬ್ ಫಾನ್ ಮೇಕರೆನ್ 1668ರಲ್ಲಿ ದಾಖಲಿಸಿದ. ಈ ಲೇಖನಕ್ಕೆ ಅದಕ್ಕಿಂತ ಹತ್ತಿರದ್ದು 1892ರ ಪ್ರಯೋಗ. ಜರ್ಮನಿಯ ಬಾನ್ ನಗರದಲ್ಲಿ ಡ್ರೇಸ್‌ಮನ್ ಎಂಬ ವೈದ್ಯ ಮೂಳೆಯ ಕುಳಿಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದ. ಅದನ್ನು ಕಲಸಿದ್ದು ಬರಿಯ ನೀರಿನಲ್ಲಲ್ಲ, ಫಿನಾಲ್ ದ್ರಾವಣದಲ್ಲಿ. ಕುಳಿಯನ್ನು ತುಂಬುವ ವಸ್ತುವೇ ರೋಗಾಣುನಾಶಕವನ್ನೂ ಹೊತ್ತು ತರಲಿ ಎಂಬ ಲೆಕ್ಕ ಅಲ್ಲಿತ್ತು. ಇಂದಿನ ದುಬಾರಿ ಪ್ರಯೋಗಾಲಯಗಳು ಸಾಧಿಸಹೊರಟಿರುವುದೂ ಮೂಲತಃ ಇದನ್ನೇ ಎಂದು ನೆನಪಿಟ್ಟರೆ ಈ ಕ್ಷೇತ್ರದ 'ಕ್ರಾಂತಿಕಾರಿ', 'ಪ್ರಪ್ರಥಮ' ಮುಂತಾದ ಮಾತುಗಳನ್ನು ಸಮಾಧಾನದಿಂದ ಓದಬಹುದು.

ಸೆರಾಮಿಕ್‌ಗಳು

ಕ್ಯಾಲ್ಸಿಯಂ ಫಾಸ್ಫೇಟನ್ನು ಮೂಳೆ ಬೆಳೆಸಲು ಬಳಸಿದ ವರದಿಯನ್ನು ಅಮೆರಿಕದ ಫ್ರೆಡ್ ಆಲ್ಬೀ 1920ರಲ್ಲಿ ಪ್ರಕಟಿಸಿದ. ಅರ್ಧ ಶತಮಾನ ಅದು ಬಹುಪಾಲು ಹಾಗೆಯೇ ಉಳಿಯಿತು. 1970ರ ದಶಕದಲ್ಲಿ ದಟ್ಟವಾದ ಹೈಡ್ರಾಕ್ಸಿಅಪಟೈಟನ್ನು ಕುಲುಮೆಯಲ್ಲಿ ಬೇಯಿಸಿ ತಯಾರಿಸುವ ಕ್ರಮ ಅಮೆರಿಕ, ಜಪಾನ್, ನೆದರ್‌ಲ್ಯಾಂಡ್ಸ್‌ಗಳಲ್ಲಿ ಬೇರೆ ಬೇರೆಯಾಗಿ ಬೆಳೆಯಿತು.

ಈಗ ಬಳಕೆಯಲ್ಲಿರುವ ಮುಖ್ಯ ಸೆರಾಮಿಕ್‌ಗಳು ಮೂರು ಬಗೆಯವು. ಹೈಡ್ರಾಕ್ಸಿಅಪಟೈಟ್‌ನಲ್ಲಿ ಕ್ಯಾಲ್ಸಿಯಂ ಮತ್ತು ರಂಜಕದ ಪರಮಾಣುಗಳ ಅನುಪಾತ 1.67, ಬೇಯಿಸಿದ ಮೇಲೆ ಅದು ದೇಹದಲ್ಲಿ ಬಹಳ ನಿಧಾನವಾಗಿ ಕರಗುತ್ತದೆ, ವರ್ಷಗಳ ನಂತರವೂ ಎಕ್ಸ್-ರೇಯಲ್ಲಿ ಕಾಣುತ್ತದೆ. ಟ್ರೈಕ್ಯಾಲ್ಸಿಯಂ ಫಾಸ್ಫೇಟ್‌ನಲ್ಲಿ ಆ ಅನುಪಾತ 1.5, ಕರಗುವ ವೇಗ ಹೆಚ್ಚು. ಎರಡನ್ನೂ ಬೆರೆಸಿದರೆ ಕರಗುವ ವೇಗವನ್ನು ಬೇಕಾದಂತೆ ಹೊಂದಿಸಿಕೊಳ್ಳಬಹುದು. ಇಂಥ ಮಿಶ್ರಣಗಳಲ್ಲಿ 60ಕ್ಕೆ 40ರ ಪ್ರಮಾಣ ಹೆಚ್ಚು ರೂಢಿಯಲ್ಲಿದೆ.

ಮೂರನೆಯದು ಜೈವಿಕ ಗಾಜು. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1967ರಲ್ಲಿ, ಫ್ಲಾರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಸಮ್ಮೇಳನವೊಂದಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದಾಗ ಪಕ್ಕದಲ್ಲಿ ಕುಳಿತಿದ್ದ ಸೇನಾಧಿಕಾರಿ, ದೇಹ ತಿರಸ್ಕರಿಸದ ವಸ್ತುವನ್ನು ನೀವು ಮಾಡಬಲ್ಲಿರಾ ಎಂದು ಕೇಳಿದರಂತೆ. ಲೋಹ, ಪ್ಲಾಸ್ಟಿಕ್ಕುಗಳ ಸುತ್ತ ದೇಹ ನಾರಿನ ಗೋಡೆ ಕಟ್ಟಿ ಅವನ್ನು ದೂರವಿಡುತ್ತಿದ್ದ ಕಾಲವದು. 1969ರಲ್ಲಿ ಹೆಂಚ್ ತಯಾರಿಸಿದ ಗಾಜಿನ ತೂಕದಲ್ಲಿ ಸಿಲಿಕ ಶೇಕಡ 45, ಸೋಡಿಯಂ ಆಕ್ಸೈಡ್ ಮತ್ತು ಕ್ಯಾಲ್ಸಿಯಂ ಆಕ್ಸೈಡ್ ತಲಾ 24.5, ರಂಜಕದ ಪೆಂಟಾಕ್ಸೈಡ್ 6. ಇಲಿಗಳ ತೊಡೆಮೂಳೆಯಲ್ಲಿಟ್ಟ ಈ ಗಾಜು ಮೂಳೆಗೆ ಎಷ್ಟು ಬಲವಾಗಿ ಅಂಟಿಕೊಂಡಿತೆಂದರೆ ಅದನ್ನು ಬಿಡಿಸಲಾಗಲಿಲ್ಲ. ದೇಹದ್ರವದಲ್ಲಿ ಗಾಜಿನ ಸೋಡಿಯಂ ಹೊರಹೋಗಿ, ಮೇಲ್ಮೈಯಲ್ಲಿ ಸಿಲಿಕದ ಜೆಲ್ ಉಳಿದು, ಅದರ ಮೇಲೆ ಅಪಟೈಟ್ ಪದರ ಮೂಡುತ್ತದೆ. ಮೂಳೆಯ ಕೋಶಗಳು ಬಂದು ಕೂರುವುದು ಆ ಪದರದ ಮೇಲೆ. ಗಾಜಿನಿಂದ ಕರಗಿ ಬಂದ ಸಿಲಿಕ, ಕ್ಯಾಲ್ಸಿಯಂಗಳು ಮೂಳೆ ಕಟ್ಟುವ ಕೋಶಗಳ ಜೀನುಗಳ ಮೇಲೂ ಪ್ರಭಾವ ಬೀರುತ್ತವೆಂದು ಆಮೇಲೆ ತಿಳಿಯಿತು. 45ಎಸ್5 ಎಂಬ ಹೆಸರಿನ ಈ ಗಾಜು ಇಂದಿಗೂ ಉಳಿದ ಗಾಜುಗಳಿಗೆ ಅಳತೆಗೋಲು.

ರಂಧ್ರ ಬೇಕು, ಬಲವೂ ಬೇಕು

ದಟ್ಟವಾದ ತುಂಡಿನೊಳಗೆ ಮೂಳೆ ಬೆಳೆಯಲಾರದು. ಕೋಶಗಳು ಒಳಗೆ ಹೋಗಬೇಕು, ಅವುಗಳ ಹಿಂದೆ ರಕ್ತನಾಳಗಳು ಬರಬೇಕು. ಇದಕ್ಕೆ ರಂಧ್ರಗಳು ಕನಿಷ್ಠ 100 ಮೈಕ್ರೋಮೀಟರ್ ಇರಬೇಕೆಂದು ಹಲ್ಬರ್ಟ್ ತಂಡದ 1970ರ ಕೆಲಸ ಸೂಚಿಸಿತು. ರಕ್ತನಾಳಗಳು ಚೆನ್ನಾಗಿ ಹಬ್ಬಬೇಕಾದರೆ 300 ಮೈಕ್ರೋಮೀಟರ್ ದಾಟಿದ್ದರೆ ಒಳ್ಳೆಯದೆಂಬುದು ನಂತರದ ಅಭಿಪ್ರಾಯ. ರಂಧ್ರಗಳು ಒಂದಕ್ಕೊಂದು ಸೇರಿಕೊಂಡಿರಬೇಕು. ಬಾಗಿಲಿಲ್ಲದ ಕೋಣೆಗಳು ಎಷ್ಟಿದ್ದರೂ ಉಪಯೋಗಕ್ಕೆ ಬಾರವು.

ಇಂಥ ರಚನೆ ಮಾಡುವ ಸುಲಭ ಉಪಾಯ ಲೋಹ ಸೋಸುವ ಸೆರಾಮಿಕ್ ಜಾಲರಿಗಳ ಉದ್ಯಮದಿಂದ ಬಂತು. ಶ್ವಾರ್ಟ್ಸ್‌ವಾಲ್ಡರ್ ಮತ್ತು ಸೋಮರ್ಸ್ 1963ರಲ್ಲಿ ಪೇಟೆಂಟ್ ಪಡೆದ ಕ್ರಮವಿದು. ಪಾಲಿಯುರೆಥೇನ್ ಸ್ಪಂಜನ್ನು ಸೆರಾಮಿಕ್ ಪುಡಿಯ ಗಂಜಿಯಲ್ಲಿ ಅದ್ದಿ, ಹಿಂಡಿ, ಒಣಗಿಸಿ, ಕುಲುಮೆಯಲ್ಲಿ ನಿಧಾನವಾಗಿ ಕಾಯಿಸುತ್ತಾರೆ. ಸ್ಪಂಜು ಸುಟ್ಟುಹೋಗುತ್ತದೆ, ಮತ್ತೂ ಕಾಯಿಸಿ 1000ದಿಂದ 1300 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿದಾಗ ಪುಡಿಯ ಕಣಗಳು ಬೆಸೆದು ಸ್ಪಂಜಿನ ಅಚ್ಚು ಸೆರಾಮಿಕ್‌ನಲ್ಲಿ ಉಳಿಯುತ್ತದೆ. ಶೇಕಡ 90ರಷ್ಟು ಖಾಲಿಜಾಗ ಇದರಿಂದ ಸಿಗುತ್ತದೆ. ಆದರೆ ಸ್ಪಂಜಿನ ಎಳೆ ಇದ್ದ ಕಡೆ ಪ್ರತಿ ಕಂಬಿಯ ನಡುವೆಯೂ ಟೊಳ್ಳು ಉಳಿಯುತ್ತದೆ, ಅನಿಲ ಹೊರಬರುವಾಗ ಕಂಬಿಗಳ ಮೈ ಬಿರಿಯುತ್ತದೆ.

ಇಂಥ ನೊರೆರಚನೆಗಳ ಬಲವನ್ನು ಲೊರ್ನಾ ಗಿಬ್ಸನ್ ಮತ್ತು ಮೈಕೆಲ್ ಆಶ್ಬಿ ಸೂತ್ರಕ್ಕಿಳಿಸಿದ್ದಾರೆ. ಪೆಡಸು ವಸ್ತುವಿನ ನೊರೆಯ ಬಲವು ಸಾಂದ್ರತೆಯ ಒಂದೂವರೆ ಘಾತಕ್ಕೆ ಅನುಗುಣವಾಗಿ ಇಳಿಯುತ್ತದೆ. ಲೆಕ್ಕ ಹಾಕಿದರೆ, ಶೇಕಡ 90 ಖಾಲಿ ಇರುವ ತುಂಡಿಗೆ ಅದೇ ಘನ ವಸ್ತುವಿನ ಬಲದಲ್ಲಿ ಶೇಕಡ 1ರಷ್ಟೂ ಉಳಿಯುವುದಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಚೆನ್, ಥಾಂಪ್ಸನ್ ಮತ್ತು ಬೊಕಾಚ್ಚಿನಿ 45ಎಸ್5 ಗಾಜಿನಿಂದ ಈ ಕ್ರಮದಲ್ಲಿ ತಯಾರಿಸಿ 2006ರಲ್ಲಿ ವರದಿ ಮಾಡಿದ ಆಸರೆಗಳು ಅರ್ಧ ಮೆಗಾಪಾಸ್ಕಲ್‌ಗಿಂತ ಕಡಿಮೆ ಒತ್ತಡಕ್ಕೇ ಪುಡಿಯಾದವು. ಮೂಳೆಯ ತುದಿಗಳಲ್ಲಿರುವ ಜಾಲರಿಯಂಥ ಮೂಳೆ 2ರಿಂದ 12 ಮೆಗಾಪಾಸ್ಕಲ್ ತಡೆಯುತ್ತದೆ. ಹೊರಗಿನ ದಟ್ಟ ಮೂಳೆ 100ಕ್ಕೂ ಹೆಚ್ಚು. ಪೆಡಸುತನವೂ ಕಡಿಮೆ ತೊಂದರೆಯಲ್ಲ. ಬಿರುಕು ಮುಂದುವರಿಯದಂತೆ ತಡೆಯುವ ಶಕ್ತಿಯನ್ನು ಒಂದೇ ಮಾನದಲ್ಲಿ ಅಳೆದರೆ ಹೈಡ್ರಾಕ್ಸಿಅಪಟೈಟ್‌ಗೆ 1ರ ಆಸುಪಾಸು, ದಟ್ಟ ಮೂಳೆಗೆ 2ರಿಂದ 12. ಶಸ್ತ್ರವೈದ್ಯರು ಚಿಮುಟದಲ್ಲಿ ಹಿಡಿದಾಗಲೇ ಅಂಚು ಉದುರುವ ವಸ್ತುವನ್ನು ಯಾರೂ ನೆಚ್ಚಲಾರರು.

ಲೇಪ ಮಾಡುವ ಕೆಲಸ

ಪಾಲಿಮರನ್ನು ದ್ರಾವಕದಲ್ಲಿ ಕರಗಿಸಿ, ಆಸರೆಯನ್ನು ಅದರಲ್ಲಿ ಅದ್ದಿ, ಹೆಚ್ಚಿನದನ್ನು ಬಸಿದು ಒಣಗಿಸುವುದು ಅತ್ಯಂತ ಸರಳ ವಿಧಾನ. ಗಾಳಿ ಸಿಕ್ಕಿಕೊಂಡ ರಂಧ್ರಗಳೊಳಕ್ಕೂ ದ್ರಾವಣ ಹೋಗಲೆಂದು ಕೆಲವೊಮ್ಮೆ ನಿರ್ವಾತದಲ್ಲಿ ಅದ್ದುತ್ತಾರೆ. ಎಲ್ಲವೂ ದ್ರಾವಣದ ಸಾಂದ್ರತೆಯ ಮೇಲೆ ನಿಂತಿದೆ. ತೀರಾ ತೆಳುವಾದರೆ ಲೇಪ ಹರಿದುಹೋಗುತ್ತದೆ, ಗಟ್ಟಿಯಾದರೆ ರಂಧ್ರಗಳ ಬಾಯಿಯೇ ಮುಚ್ಚಿ ಕಷ್ಟಪಟ್ಟು ಮಾಡಿದ ಜಾಲ ವ್ಯರ್ಥವಾಗುತ್ತದೆ.

ಲೇಪದಿಂದ ಬಲ ಹೆಚ್ಚುವುದು ಹೇಗೆ? ಪಾಲಿಮರ್ ಸೆರಾಮಿಕ್‌ಗಿಂತ ಎಷ್ಟೋ ಮೆದು; ಅದು ಭಾರ ಹೊರುವುದಿಲ್ಲ. ಅದು ಮಾಡುವುದು ಬೇರೆ ಎರಡು ಕೆಲಸ. ಕಂಬಿಗಳ ಮೈಮೇಲಿನ ಸಣ್ಣ ಬಿರುಕುಗಳೊಳಗೆ ಇಳಿದು ಅವನ್ನು ತುಂಬುತ್ತದೆ. ಬಿರುಕು ಹುಟ್ಟಿ ಅಗಲವಾಗತೊಡಗಿದಾಗ ಎರಡು ದಡಗಳ ನಡುವೆ ಎಳೆಯಾಗಿ ಹಿಗ್ಗಿ ಹಿಡಿದುಕೊಳ್ಳುತ್ತದೆ. ಮುರಿದ ಲೇಪಿತ ಆಸರೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಎಳೆಗಳು ಕಾಣುತ್ತವೆ. ಮೂಳೆಯಲ್ಲಿ ಕೊಲಾಜೆನ್ ಮಾಡುವ ಕೆಲಸದ ಒಂದು ಪಾಲು ಇದು. ಬೊಕಾಚ್ಚಿನಿ ತಂಡ ಪಾಲಿಲ್ಯಾಕ್ಟಿಕ್ ಆಮ್ಲವನ್ನು ಹಚ್ಚಿದಾಗ ಬಲದ ಏರಿಕೆಗಿಂತ ಮುರಿಯಲು ಬೇಕಾದ ಶಕ್ತಿಯ ಏರಿಕೆ ಎದ್ದು ಕಂಡಿತು. ಲೇಪವಿಲ್ಲದ ತುಂಡು ಒಮ್ಮೆಗೇ ಕುಸಿದರೆ ಲೇಪವಿರುವುದು ಬಿರಿದರೂ ಚೆದುರದೆ ಒಟ್ಟಾಗಿ ನಿಲ್ಲುತ್ತದೆ.

ಸ್ಪಂಜಿನ ಅಚ್ಚಿನ ಬದಲು ಸೆರಾಮಿಕ್ ಗಂಜಿಯನ್ನು ಸೂಜಿಯಿಂದ ಎಳೆ ಎಳೆಯಾಗಿ ಒತ್ತಿ ಪದರ ಕಟ್ಟುವ ವಿಧಾನ 1990ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಯಾಂಡಿಯ ಪ್ರಯೋಗಾಲಯದಿಂದ ಬಂತು. ಇದರಲ್ಲಿ ಕಂಬಿಗಳು ಟೊಳ್ಳಲ್ಲ, ರಂಧ್ರಗಳ ಅಳತೆಯೂ ನಮ್ಮ ಕೈಯಲ್ಲಿರುತ್ತದೆ. ಹೀಗೆ ಮುದ್ರಿಸಿದ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಜಾಲರಿಗಳಿಗೆ ಪಾಲಿಮರ್ ತುಂಬಿಸಿ ಬಲ ಹೆಚ್ಚಿಸುವುದನ್ನು ಸ್ಪೇನಿನ ಎಕ್ಸ್‌ಟ್ರೆಮದೂರ ವಿಶ್ವವಿದ್ಯಾಲಯದ ತಂಡ 2010ರಲ್ಲಿ ತೋರಿಸಿತು. ಮೂರು ಆಯಾಮದ ಮುದ್ರಣ ಬಂದ ಮೇಲೆ ಸ್ಪಂಜಿನ ವಿಧಾನಕ್ಕೆ ಭವಿಷ್ಯವಿಲ್ಲವೆಂದು ಹೇಳುವವರಿದ್ದಾರೆ. ಅಗ್ಗವೂ ಸುಲಭವೂ ಆದದ್ದು ಅಷ್ಟು ಬೇಗ ಮರೆಯಾಗುವುದಿಲ್ಲ.

ಪಾಲಿಮರ್‌ಗಳ ಆಯ್ಕೆ

ಕೃತಕ ಪಾಲಿಮರ್‌ಗಳಲ್ಲಿ ಪಾಲಿಲ್ಯಾಕ್ಟಿಕ್ ಆಮ್ಲ, ಅದರೊಡನೆ ಗ್ಲೈಕೋಲಿಕ್ ಆಮ್ಲ ಬೆರೆತ ಪಿಎಲ್‌ಜಿಎ, ಮತ್ತು ಪಾಲಿಕ್ಯಾಪ್ರೊಲ್ಯಾಕ್ಟೋನ್ ಮುಖ್ಯವಾದವು. ಮೊದಲೆರಡು ಹೊಸ ಪರಿಚಯವೇನಲ್ಲ. ದೇಹದಲ್ಲಿ ತಾವಾಗಿ ಕರಗುವ ಹೊಲಿಗೆ ದಾರಗಳಾಗಿ ಇದೇ ವರ್ಗದ ಪಾಲಿಮರ್‌ಗಳು 1970ರ ದಶಕದಿಂದ ಬಳಕೆಯಲ್ಲಿವೆ. ಎರಡೂ ಆಮ್ಲಗಳ ಪಾಲು ಸಮನಾಗಿರುವ ಪಿಎಲ್‌ಜಿಎ ಒಂದೆರಡು ತಿಂಗಳಲ್ಲಿ ಕರಗಿದರೆ ಪಾಲಿಕ್ಯಾಪ್ರೊಲ್ಯಾಕ್ಟೋನ್‌ಗೆ ಎರಡು ಮೂರು ವರ್ಷ ಬೇಕು. ಕರಗುವಾಗ ಹುಟ್ಟುವ ಲ್ಯಾಕ್ಟಿಕ್ ಮತ್ತು ಗ್ಲೈಕೋಲಿಕ್ ಆಮ್ಲಗಳನ್ನು ದೇಹ ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಹೊರಹಾಕುತ್ತದೆ. ಆದರೆ ಒಂದೇ ಕಡೆ ಆಮ್ಲ ಕೂಡಿದರೆ ಸುತ್ತಲಿನ ಅಂಗಾಂಶ ಉರಿಯೂತಕ್ಕೆ ಒಳಗಾಗುತ್ತದೆ. ಇಲ್ಲಿ ಸೆರಾಮಿಕ್ ಉಪಕಾರಿ. ಅದು ಕರಗಿ ಕ್ಷಾರೀಯ ಅಯಾನುಗಳನ್ನು ಬಿಡುವುದರಿಂದ ಆಮ್ಲದ ತೀಕ್ಷ್ಣತೆ ತಗ್ಗುತ್ತದೆ. ಎರಡೂ ವಸ್ತುಗಳು ಒಂದರ ಕುಂದನ್ನು ಇನ್ನೊಂದು ಸರಿದೂಗಿಸುವ ಇಂಥ ಸಂದರ್ಭ ಈ ಕ್ಷೇತ್ರದಲ್ಲಿ ಹೆಚ್ಚಿಲ್ಲ.

ಇವನ್ನು ಕರಗಿಸಲು ಕ್ಲೋರೊಫಾರಂ, ಡೈಕ್ಲೋರೊಮೀಥೇನ್‌ನಂಥ ದ್ರಾವಕಗಳು ಬೇಕು. ಅವುಗಳ ಲೇಶ ಉಳಿದರೂ ಕೋಶಗಳಿಗೆ ವಿಷ. ನೈಸರ್ಗಿಕ ಪಾಲಿಮರ್‌ಗಳಿಗೆ ಈ ತೊಂದರೆಯಿಲ್ಲ. ಜೆಲಟಿನ್, ಕೊಲಾಜೆನ್, ಆಲ್ಜಿನೇಟ್, ಸಿಗಡಿ ಏಡಿಗಳ ಚಿಪ್ಪಿನಿಂದ ತೆಗೆಯುವ ಕೈಟೊಸಾನ್ ಎಲ್ಲವನ್ನೂ ನೀರಿನಲ್ಲೋ ತೆಳು ಆಮ್ಲದಲ್ಲೋ ಕರಗಿಸಬಹುದು. ಕೋಶಗಳೂ ಇವುಗಳಿಗೆ ಸುಲಭವಾಗಿ ಅಂಟುತ್ತವೆ. ಆದರೆ ಇವು ದೇಹದ್ರವದಲ್ಲಿ ಬೇಗ ಉಬ್ಬಿ ಕರಗುತ್ತವೆ. ಅಣುಗಳನ್ನು ಒಂದಕ್ಕೊಂದು ಕಟ್ಟಿಹಾಕಲು ಗ್ಲುಟರಾಲ್ಡಿಹೈಡ್ ಬಳಸಿದರೆ ಮತ್ತೆ ವಿಷದ ಪ್ರಶ್ನೆ ಏಳುತ್ತದೆ. ಗಾರ್ಡೇನಿಯ ಗಿಡದ ಕಾಯಿಯಿಂದ ಸಿಗುವ ಜೆನಿಪಿನ್ ಅದಕ್ಕಿಂತ ಸೌಮ್ಯ.

ಕರ್ನಾಟಕದ ಓದುಗರಿಗೆ ಪರಿಚಿತವಾದ ಲೇಪವಸ್ತು ರೇಷ್ಮೆ. ಹಿಪ್ಪುನೇರಳೆ ಸೊಪ್ಪು ತಿನ್ನುವ ಹುಳುವಿನ ಗೂಡಿನಲ್ಲಿ ಎರಡು ಪ್ರೋಟೀನುಗಳಿವೆ: ನಡುವೆ ಫೈಬ್ರಾಯಿನ್ ಎಳೆ, ಅದನ್ನು ಅಂಟಿಸಿರುವ ಸೆರಿಸಿನ್. ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಕುದಿಸಿ ಸೆರಿಸಿನ್ ಕಳೆದು, ಉಳಿದ ಫೈಬ್ರಾಯಿನನ್ನು ಲವಣದ ಗಾಢ ದ್ರಾವಣದಲ್ಲಿ ಕರಗಿಸಿ ಲೇಪಕ್ಕೆ ಬಳಸುತ್ತಾರೆ. ಬಲದಲ್ಲೂ ನಿಧಾನವಾಗಿ ಕರಗುವುದರಲ್ಲೂ ಇದು ಜೆಲಟಿನ್‌ಗಿಂತ ಮೇಲು. ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನಲ್ಲಿರುವುದೂ ಇದೇ ಪ್ರೋಟೀನು. ವೈದ್ಯಕೀಯ ದರ್ಜೆಗೆ ಶುದ್ಧಗೊಳಿಸುವುದು ಮಾತ್ರ ಬೇರೆಯೇ ಖರ್ಚಿನ ಬಾಬತ್ತು.

ಮುಚ್ಚಿದರೆ ಮರೆಯಾಗುವುದು

ಸೆರಾಮಿಕ್ ಅನ್ನು ಆರಿಸಿಕೊಂಡದ್ದೇ ಅದರ ಮೈ ಮೂಳೆಗೆ ಹಿಡಿಸುತ್ತದೆ ಎಂಬ ಕಾರಣಕ್ಕೆ. ಪಾಲಿಮರ್ ಹಚ್ಚಿದರೆ ಆ ಮೈಯೇ ಮುಚ್ಚಿಹೋಗುತ್ತದೆ. ಪಾಲಿಕ್ಯಾಪ್ರೊಲ್ಯಾಕ್ಟೋನ್‌ನಂಥ ಪಾಲಿಮರ್ ನೀರನ್ನು ಹತ್ತಿರ ಸೇರಿಸುವುದಿಲ್ಲ. ಅದರ ಕೆಳಗಿನ ಗಾಜಿಗೆ ದೇಹದ್ರವ ತಲುಪದೆ ಅಪಟೈಟ್ ಪದರ ಮೂಡುವುದು ತಡವಾಗುತ್ತದೆ. ಲೇಪವನ್ನು ತೆಳುವಾಗಿಡುವುದು, ಬೇಗ ಕರಗುವ ಪಾಲಿಮರ್ ಬಳಸುವುದು, ಪಾಲಿಮರ್‌ನೊಳಗೇ ಸೆರಾಮಿಕ್ ಪುಡಿ ಬೆರೆಸುವುದು ಇದಕ್ಕೆ ಕಂಡುಕೊಂಡ ದಾರಿಗಳು. ಕೊನೆಯದರ ಒಳ್ಳೆಯ ಉದಾಹರಣೆ ಸಿಯೋಲ್ ಮತ್ತು ಲಂಡನ್ನಿನ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಕೆಲಸ. ಕಿಮ್ ಮತ್ತು ನೋಲ್ಸ್ ಅವರ ಆ ತಂಡ ಹೈಡ್ರಾಕ್ಸಿಅಪಟೈಟ್ ಆಸರೆಗೆ, ಅದೇ ಖನಿಜದ ಪುಡಿ ಬೆರೆಸಿದ ಪಾಲಿಕ್ಯಾಪ್ರೊಲ್ಯಾಕ್ಟೋನ್ ಹಚ್ಚಿ, ಲೇಪದೊಳಗೆ ಟೆಟ್ರಾಸೈಕ್ಲಿನ್ ಎಂಬ ಪ್ರತಿಜೀವಕ ಸೇರಿಸಿತು. ಬಲವೂ ಹೆಚ್ಚಿತು, ಔಷಧವೂ ನಿಧಾನವಾಗಿ ಹೊರಬಂತು. ನಂತರ ಬಂದ ಅನೇಕ ಪ್ರಬಂಧಗಳು ಈ ಮಾದರಿಯಲ್ಲಿ ಪಾಲಿಮರ್ ಅಥವಾ ಔಷಧದ ಹೆಸರನ್ನಷ್ಟೇ ಬದಲಿಸಿದಂತಿವೆ.

ಔಷಧ ಹೊರುವ ಕೆಲಸ

ಸ್ಥಳದಲ್ಲೇ ಔಷಧ ಬಿಡುವ ಅಗತ್ಯ ಎಲ್ಲಕ್ಕಿಂತ ಸ್ಪಷ್ಟವಾಗಿರುವುದು ಮೂಳೆಯ ಸೋಂಕಿನಲ್ಲಿ. ಇದಕ್ಕೆ ಹೆಚ್ಚಾಗಿ ಕಾರಣ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯ. ಸತ್ತ ಮೂಳೆಗೆ ರಕ್ತ ಹರಿಯುವುದಿಲ್ಲ. ರಕ್ತದ ಮೂಲಕ ಹೋಗುವ ಔಷಧ ಅಲ್ಲಿಗೆ ತಲುಪುವುದಿಲ್ಲ. ಮೇಲಾಗಿ ಬ್ಯಾಕ್ಟೀರಿಯಗಳು ಲೋಳೆಯ ಪದರದೊಳಗೆ ಅಡಗಿ ಕೂತರೆ ಅವನ್ನು ಕೊಲ್ಲಲು ಬೇಕಾಗುವ ಔಷಧದ ಸಾಂದ್ರತೆ ನೂರಾರು ಪಟ್ಟು ಏರುತ್ತದೆ. ಅಷ್ಟು ಜೆಂಟಾಮೈಸಿನನ್ನು ರಕ್ತಕ್ಕೆ ಕೊಟ್ಟರೆ ಮೂತ್ರಪಿಂಡ ಮತ್ತು ಕಿವಿ ಹಾಳಾಗುತ್ತವೆ. ಜರ್ಮನಿಯ ಬುಕ್‌ಹೋಲ್ಟ್ಸ್ ಮತ್ತು ಎಂಗೆಲ್‌ಬ್ರೆಕ್ಟ್ 1970ರಲ್ಲಿ ಕೀಲು ಅಂಟಿಸುವ ಅಕ್ರಿಲಿಕ್ ಸಿಮೆಂಟಿಗೆ ಜೆಂಟಾಮೈಸಿನ್ ಬೆರೆಸಿದರು. ಅದೇ ಸಿಮೆಂಟಿನ ಮಣಿಗಳನ್ನು ಸರದಂತೆ ಪೋಣಿಸಿ ಕುಳಿಯಲ್ಲಿಡುವ ಪದ್ಧತಿಯೂ ಆ ದಶಕದಲ್ಲೇ ಬಂತು. ಮಣಿಗಳು ಕರಗುವುದಿಲ್ಲ, ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಬೇಕು. ಔಷಧದ ದೊಡ್ಡ ಪಾಲು ಮಣಿಯೊಳಗೇ ಉಳಿದುಬಿಡುತ್ತದೆ. ಕರಗುವ ಆಸರೆಯ ಆಕರ್ಷಣೆ ಇರುವುದು ಇಲ್ಲಿಯೇ.

ಬರಿಯ ಸೆರಾಮಿಕ್ ಅನ್ನು ಔಷಧದ್ರಾವಣದಲ್ಲಿ ನೆನೆಸಿದರೆ ಮೈಮೇಲೆ ಹಿಡಿದ ಔಷಧ ಕೆಲವೇ ಗಂಟೆಗಳಲ್ಲಿ ಹೊರಬೀಳುತ್ತದೆ. ಪಾಲಿಮರ್‌ನೊಳಗಿಟ್ಟರೆ ಅದು ಮೂರು ಬಗೆಯಲ್ಲಿ ಹೊರಬರುತ್ತದೆ: ಲೇಪದ ಮೇಲ್ಪದರದಲ್ಲಿದ್ದದ್ದು ಮೊದಲ ದಿನವೇ ತೊಳೆದುಹೋಗುತ್ತದೆ, ಒಳಗಿದ್ದದ್ದು ಅಣುಗಳ ನಡುವೆ ತೂರಿಕೊಂಡು ನಿಧಾನವಾಗಿ ಬರುತ್ತದೆ, ಮಿಕ್ಕದ್ದು ಪಾಲಿಮರ್ ಕರಗಿದಾಗ ಬಿಡುಗಡೆಯಾಗುತ್ತದೆ. ಎರಡನೆಯ ಹಂತದಲ್ಲಿ ಹೊರಬಂದ ಪ್ರಮಾಣ ಕಾಲದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆಂದು ಹಿಗುಚಿ 1961ರಲ್ಲಿ ಮುಲಾಮುಗಳಿಗಾಗಿ ರೂಪಿಸಿದ ಸಮೀಕರಣ ಹೇಳುತ್ತದೆ. ಆರಂಭದ ಉಕ್ಕು ಸೋಂಕಿನಲ್ಲಿ ಒಳ್ಳೆಯದೇ. ಶಸ್ತ್ರಚಿಕಿತ್ಸೆಯ ಮೊದಲ ದಿನಗಳಲ್ಲೇ ಬ್ಯಾಕ್ಟೀರಿಯಗಳನ್ನು ಬಗ್ಗುಬಡಿಯಬೇಕು. ಕೊನೆಯ ಹಂತ ಅಪಾಯದ್ದು. ಕೊಲ್ಲಲು ಸಾಲದ ಮಟ್ಟದಲ್ಲಿ ವಾರಗಟ್ಟಲೆ ಒಸರುವ ಪ್ರತಿಜೀವಕ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳನ್ನು ಬೆಳೆಸಲು ಹೇಳಿಮಾಡಿಸಿದ ಪರಿಸರ. 'ದೀರ್ಘಕಾಲದ ಬಿಡುಗಡೆ'ಯನ್ನೇ ಗುಣವೆಂದು ಎಣಿಸುವ ಪ್ರಬಂಧಗಳು ಈ ಮಾತಿಗೆ ಸಾಕಷ್ಟು ಗಮನ ಕೊಟ್ಟಿಲ್ಲ.

ಪ್ರತಿಜೀವಕಗಳಲ್ಲದೆ ಬೇರೆ ಔಷಧಗಳನ್ನೂ ಸೇರಿಸಿ ನೋಡಿದ್ದಾರೆ. ಮೂಳೆ ಕರಗಿಸುವ ಕೋಶಗಳನ್ನು ತಡೆಯುವ ಅಲೆಂಡ್ರೊನೇಟ್, ಗಡ್ಡೆ ತೆಗೆದ ಜಾಗದಲ್ಲಿ ಉಳಿದ ಕ್ಯಾನ್ಸರ್ ಕೋಶಗಳಿಗಾಗಿ ಡಾಕ್ಸೊರುಬಿಸಿನ್, ಜೊತೆಗೆ ಸ್ಟ್ರಾಂಷಿಯಂ, ಸತು, ತಾಮ್ರದ ಅಯಾನುಗಳು. ಭಾರತಕ್ಕೆ ನೇರವಾಗಿ ಸಂಬಂಧಿಸಿದ್ದು ಮೂಳೆಯ ಕ್ಷಯ. ಜಗತ್ತಿನ ಕ್ಷಯರೋಗಿಗಳಲ್ಲಿ ಕಾಲುಭಾಗದಷ್ಟು ಇಲ್ಲಿದ್ದಾರೆ. ಮೂಳೆಗೆ ಬರುವ ಕ್ಷಯದಲ್ಲಿ ಸುಮಾರು ಅರ್ಧ ಬೆನ್ನುಮೂಳೆಯದು. ಐಸೊನಿಯಜಿಡ್, ರಿಫಾಂಪಿಸಿನ್ ಹೊತ್ತ ಆಸರೆಗಳ ಪ್ರಯೋಗಗಳು ನಡೆದಿವೆ. ಅವು ಗುಳಿಗೆಗಳಿಗೆ ಬದಲಿಯಲ್ಲ, ಪೂರಕ ಮಾತ್ರ.

ಮೂಳೆ ಬೆಳೆಸುವ ಪ್ರೋಟೀನುಗಳ ಕತೆ ಎಚ್ಚರಿಕೆಯ ಪಾಠ. ಖನಿಜ ತೆಗೆದ ಮೂಳೆಯನ್ನು ಸ್ನಾಯುವಿನೊಳಗಿಟ್ಟರೂ ಅಲ್ಲಿ ಹೊಸ ಮೂಳೆ ಹುಟ್ಟುತ್ತದೆಂದು ಮಾರ್ಷಲ್ ಯುರಿಸ್ಟ್ 1965ರಲ್ಲಿ ತೋರಿಸಿದ. ಅದಕ್ಕೆ ಕಾರಣವಾದ ಪ್ರೋಟೀನುಗಳಲ್ಲೊಂದಾದ ಬಿಎಂಪಿ-2 ಅನ್ನು ಕೊಲಾಜೆನ್ ಸ್ಪಂಜಿನಲ್ಲಿ ನೆನೆಸಿ ಬೆನ್ನುಮೂಳೆಯ ಬೆಸುಗೆಗೆ ಬಳಸಲು ಅಮೆರಿಕದ ಔಷಧ ನಿಯಂತ್ರಕರು 2002ರಲ್ಲಿ ಒಪ್ಪಿಗೆ ಕೊಟ್ಟರು. ಸ್ಪಂಜು ಪ್ರೋಟೀನನ್ನು ಗಟ್ಟಿಯಾಗಿ ಹಿಡಿಯದ ಕಾರಣ ಮಿಲಿಗ್ರಾಂಗಳ ಲೆಕ್ಕದಲ್ಲಿ, ದೇಹದಲ್ಲಿ ಸಹಜವಾಗಿ ಇರುವುದಕ್ಕಿಂತ ಎಷ್ಟೋ ಹೆಚ್ಚು ಸುರಿಯಬೇಕಾಯಿತು. ಬೇಡದ ಕಡೆ ಮೂಳೆ ಬೆಳೆಯಿತು. ಕುತ್ತಿಗೆಯ ಭಾಗದಲ್ಲಿ ಬಳಸಿದಾಗ ಊತ ಬಂದು ಉಸಿರಾಟಕ್ಕೇ ತೊಂದರೆಯಾದ ಪ್ರಕರಣಗಳ ಮೇಲೆ 2008ರಲ್ಲಿ ಅದೇ ನಿಯಂತ್ರಕರು ಎಚ್ಚರಿಕೆ ಹೊರಡಿಸಿದರು. ಕಡಿಮೆ ಪ್ರಮಾಣವನ್ನು ಬಿಗಿಯಾಗಿ ಹಿಡಿದು ಬಿಡುವ ಲೇಪಕ್ಕೆ ಇದಕ್ಕಿಂತ ಬಲವಾದ ವಾದ ಇನ್ನೊಂದಿಲ್ಲ. ಆದರೆ ಕಾವು ಮತ್ತು ದ್ರಾವಕಗಳಿಗೆ ಪ್ರೋಟೀನು ಕೆಡುತ್ತದೆ; ಹಾಗಾಗಿ ವಿರುದ್ಧ ವಿದ್ಯುದಾವೇಶದ ಪಾಲಿಮರ್‌ಗಳನ್ನು ನೀರಿನಲ್ಲೇ ಒಂದರ ಮೇಲೊಂದು ಪದರ ಪದರವಾಗಿ ಹಚ್ಚುವ ವಿಧಾನಗಳತ್ತ ಗಮನ ಹರಿದಿದೆ.

ಬೀಕರಿನಿಂದ ಆಸ್ಪತ್ರೆಗೆ

ಕ್ಯೋಟೊದ ಕೊಕುಬೊ ರೂಪಿಸಿದ, ರಕ್ತದ್ರವದ ಅಯಾನುಗಳಿರುವ ಕೃತಕ ದ್ರವದಲ್ಲಿ 36.5 ಡಿಗ್ರಿಯಲ್ಲಿ ನೆನೆಸಿ ಅಪಟೈಟ್ ಮೂಡುತ್ತದೆಯೇ ಎಂದು ನೋಡುವುದು ಈ ಕ್ಷೇತ್ರದ ನಿತ್ಯದ ಪರೀಕ್ಷೆ. ಅದರಲ್ಲಿ ಪ್ರೋಟೀನಿಲ್ಲ, ಕೋಶಗಳಿಲ್ಲ, ಹರಿವಿಲ್ಲ. ಅದರಲ್ಲಿ ಗೆದ್ದದ್ದೆಲ್ಲ ಮೂಳೆಯಲ್ಲಿ ಗೆಲ್ಲುವುದಿಲ್ಲ. ಔಷಧ ಬಿಡುಗಡೆಯ ಅಳತೆಯೂ ಅಷ್ಟೇ: ಬೀಕರಿನ ತಿಳಿದ್ರಾವಣಕ್ಕೂ ರಕ್ತ ಹೆಪ್ಪುಗಟ್ಟಿದ ಕುಳಿಗೂ ಹೋಲಿಕೆ ಸ್ವಲ್ಪ. ಕ್ರಿಮಿಶುದ್ಧಿ ಇನ್ನೊಂದು ತೊಡಕು. ಬರಿಯ ಸೆರಾಮಿಕ್ ಅನ್ನು 121 ಡಿಗ್ರಿಯ ಹಬೆಯಲ್ಲಿ ಇಡಬಹುದು. ಪಾಲಿಕ್ಯಾಪ್ರೊಲ್ಯಾಕ್ಟೋನ್ 60 ಡಿಗ್ರಿಗೇ ಕರಗುತ್ತದೆ. ರೂಢಿಯ 25 ಕಿಲೋಗ್ರೇ ಗಾಮಾ ಕಿರಣ ಕೊಟ್ಟರೆ ಪಿಎಲ್‌ಜಿಎಯ ಅಣುಸರಪಣಿಗಳು ತುಂಡಾಗಿ ಅದು ನಿರೀಕ್ಷೆಗಿಂತ ಬೇಗ ಕರಗುತ್ತದೆ. ಬಿಡುಗಡೆಯ ಲೆಕ್ಕಾಚಾರವನ್ನೆಲ್ಲ ಮತ್ತೆ ಮಾಡಬೇಕು. ಔಷಧ ಸೇರಿದೊಡನೆ ಕಾನೂನಿನ ಬಿಗಿಯೂ ಹೆಚ್ಚುತ್ತದೆ. ಭಾರತದ 2017ರ ವೈದ್ಯಕೀಯ ಸಾಧನಗಳ ನಿಯಮಗಳಲ್ಲಿ ಇಂಥವು ಅತಿ ಹೆಚ್ಚು ಅಪಾಯದ ಡಿ ವರ್ಗಕ್ಕೆ ಸೇರುತ್ತವೆ.

ಇಷ್ಟೆಲ್ಲ ದಾಟಿ ಬಳಕೆಗೆ ಬಂದವು ಯಾವುವು? ಸ್ವಿಟ್ಜರ್‌ಲೆಂಡಿನ ಈಸಿ-ಗ್ರಾಫ್ಟ್ ಎಂಬ ಉತ್ಪನ್ನ ಗಮನಾರ್ಹ. ಅರ್ಧದಿಂದ ಒಂದು ಮಿಲಿಮೀಟರ್ ಗಾತ್ರದ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳಿಗೆ ಸುಮಾರು 10 ಮೈಕ್ರೋಮೀಟರ್ ಪಿಎಲ್‌ಜಿಎ ಹಚ್ಚಿರುತ್ತಾರೆ. ಚಿಕಿತ್ಸೆಯ ಹೊತ್ತಿಗೆ ಒಂದು ದ್ರಾವಕ ಸೇರಿಸಿದರೆ ಲೇಪ ಮೆತ್ತಗಾಗಿ ಹರಳುಗಳು ಅಂಟಿಕೊಂಡು ಮುದ್ದೆಯಾಗುತ್ತವೆ. ಹಲ್ಲು ಕಿತ್ತ ಕುಳಿಯಲ್ಲಿ ಒತ್ತಿದಾಗ ರಕ್ತದ ನೀರು ತಾಗಿ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಸ್ವಿಟ್ಜರ್‌ಲೆಂಡಿನಲ್ಲೇ ತಯಾರಾಗುವ ಸ್ಮಾರ್ಟ್‌ಬೋನ್‌ನಲ್ಲಿ ದನದ ಮೂಳೆಯ ಖನಿಜ ಜಾಲಕ್ಕೆ ಲ್ಯಾಕ್ಟೈಡ್ ಮತ್ತು ಕ್ಯಾಪ್ರೊಲ್ಯಾಕ್ಟೋನ್ ಸೇರಿದ ಪಾಲಿಮರ್, ಜೊತೆಗೆ ಜೆಲಟಿನ್ ಹಚ್ಚುತ್ತಾರೆ; ಅದನ್ನು ಕತ್ತರಿಸಿ ಮೊಳೆ ಬಿಗಿಯಬಹುದು. ಎರಡರಲ್ಲೂ ಔಷಧವಿಲ್ಲ. ಇನ್ನೊಂದೆಡೆ ಜೆಂಟಾಮೈಸಿನ್ ಹೊತ್ತು ಯುರೋಪಿನಲ್ಲಿ 2013ರಿಂದಲೂ ಅಮೆರಿಕದಲ್ಲಿ 2022ರಿಂದಲೂ ಒಪ್ಪಿಗೆ ಪಡೆದಿರುವ ಸ್ವೀಡನ್ನಿನ ಸೆರಮೆಂಟ್-ಜಿ, ಕ್ಯಾಲ್ಸಿಯಂ ಸಲ್ಫೇಟ್ ಮತ್ತು ಹೈಡ್ರಾಕ್ಸಿಅಪಟೈಟ್‌ಗಳ ಮಿಶ್ರಣ. ಅದರಲ್ಲಿ ಪಾಲಿಮರ್ ಲೇಪವಿಲ್ಲ. ಅಂದರೆ ಲೇಪ ಗೆದ್ದದ್ದು ವೈದ್ಯರ ಕೈಗೆ ಒದಗುವ ಹದ ಕೊಟ್ಟು. ಔಷಧದ ಕೆಲಸವನ್ನು ಡ್ರೇಸ್‌ಮನ್ನನ ಪ್ಲಾಸ್ಟರಿನ ವಂಶದ್ದೇ ಇನ್ನೊಂದು ವಸ್ತು ಮಾಡುತ್ತಿದೆ.

ಭಾರತದಲ್ಲಿ ಮೂಳೆಯ ಸೆರಾಮಿಕ್‌ಗಳ ಮೇಲೆ ದೀರ್ಘಕಾಲದಿಂದ ಕೆಲಸ ನಡೆದಿರುವುದು ತಿರುವನಂತಪುರದ ಶ್ರೀ ಚಿತ್ರ ತಿರುನಾಳ್ ಸಂಸ್ಥೆ ಮತ್ತು ಕೋಲ್ಕತ್ತದ ಕೇಂದ್ರೀಯ ಗಾಜು ಮತ್ತು ಸೆರಾಮಿಕ್ ಸಂಶೋಧನ ಸಂಸ್ಥೆಗಳಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು ಮೊದಲಾದವರು ಜೈವಿಕ ಸೆರಾಮಿಕ್, ಪಾಲಿಮರ್ ಮಿಶ್ರಣಗಳು ಮತ್ತು ಮುದ್ರಿತ ಆಸರೆಗಳ ಅಧ್ಯಯನ ನಡೆಸಿದ್ದಾರೆ.

ಬಲದ ವಿಷಯದಲ್ಲಿ ಲೇಪಿತ ಆಸರೆಗಳು ಜಾಲರಿ ಮೂಳೆಯ ಕೆಳಹಂತವನ್ನು ಮುಟ್ಟಿವೆ, ದಟ್ಟ ಮೂಳೆಯನ್ನು ಮುಟ್ಟಿಲ್ಲ. ಆದ್ದರಿಂದ ದವಡೆ, ತಲೆಬುರುಡೆ, ಮೂಳೆಯೊಳಗಿನ ಕುಳಿಗಳಂಥ ಕಡೆ ಇವುಗಳನ್ನು ಒಂಟಿಯಾಗಿ ಇಡಬಹುದು. ತೊಡೆ ಮತ್ತು ಮೊಣಕಾಲ ಕೆಳಗಿನ ಭಾರ ಹೊರುವ ಮೂಳೆಗಳಲ್ಲಿ ಲೋಹದ ಪಟ್ಟಿಯೋ ಸರಳೋ ಜೊತೆಗಿರಲೇಬೇಕು.